ಮೊಣಕಾಲಿನ ಎಣ್ಣೆ

ಹಿತ್ತಲ ಬಾಗಿಲಿನ ಕೆಳಗಿನ ಬಿಜಾಗರಿಗೆ ಎಣ್ಣೆ ಬಿಟ್ಟಾಗಿತ್ತು. ಮೇಲಿನದು ಬಾಕಿ ಇತ್ತು. ದುರ್ಗಾದೇವಿ ಹಿಟ್ಟಿನ ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತಳು. ಮೊಬೈಲನ್ನು ಬೆಳಕು ಹಚ್ಚಿ ಬಾಯಲ್ಲಿ ಕಚ್ಚಿಕೊಂಡು, ಅರಳೆಯ ಬತ್ತಿಯನ್ನು ಬಾಟಲಿಯಲ್ಲಿ ಅದ್ದಿ ಬಿಜಾಗರಿಯ ಸಂದಿಗೆ ಒತ್ತಿದಳು. ಲಕ್ಕಿ ಸೊಪ್ಪು, ಬೆಳ್ಳುಳ್ಳಿ, ಓಂಕಾಳು ಕೂಡಿ ಎಳ್ಳೆಣ್ಣೆಯಲ್ಲಿ ಕುದ್ದ ಘಾಟು ಅಡುಗೆಮನೆ ತುಂಬ ಹರಡಿತು. ಕೆಳಗಿಳಿದು ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿ ನೋಡಿದಳು. ಮಲಗಿದ ಕೂಸಿನ ತೊಟ್ಟಿಲು ತೂಗಿದಷ್ಟು ಮೆತ್ತಗೆ ಅದು ತೆರೆದುಕೊಂಡಿತು. ಹೊರಗೆ ಮಳೆ ಸುರಿಯುತ್ತಿತ್ತು.

ಭಾನುವಾರದ ನಸುಕಿಗೆ ಈ ಕೆಲಸ ತಪ್ಪುತ್ತಿರಲಿಲ್ಲ. ರೊಟ್ಟಿ ಬಡಿದು ಬಟ್ಟೆ ಮುಚ್ಚಿಟ್ಟಾಗಿತ್ತು. ಪುಂಡಿಪಲ್ಯದ ಬೋಗುಣಿ ಪಕ್ಕದಲ್ಲಿತ್ತು. ಗಂಡ ಹೊನ್ನೂರಪ್ಪನಿಗೆ ಹೆದರಿ ಎಣ್ಣೆ ಬಿಡುತ್ತಿದ್ದಳೆಂದಲ್ಲ. ಅವನು ಅಕ್ಕಿ ಗಿರಣಿಯ ಪಕ್ಕದಲ್ಲಿ ಹುಟ್ಟಿ ಬೆಳೆದವನು, ಗುಡುಗಿಗೂ ಮಗ್ಗಲು ಬದಲಿಸುವವನಲ್ಲ. ಹೆದರಿಕೆ ಇದ್ದದ್ದು ಹಿತ್ತಲ ಗೋಡೆಯ ಆಚೆ ಮಲಗುವ ಕಳಕಮ್ಮನದು. ಬಾಗಿಲು ಕಿರ್ ಎಂದರೆ ಸಾಕು, ಬಾವಿಯಿಂದ ಕೊಡ ಮೇಲೆ ಬಂದ ಹಾಗೆ ಕಳಕಮ್ಮನ ತಲೆ ಗೋಡೆಯ ಮೇಲೆ ಬರುತ್ತಿತ್ತು. ಆ ಕಳಕಮ್ಮನ ತವರೂರು ಬೇವಿನಹಾಳ. ದುರ್ಗಾದೇವಿಯ ಬೀಗರ ಊರೂ ಬೇವಿನಹಾಳವೇ.

ಮಗಳು ಅಮೃತಾಳನ್ನು ಬೇಸಿಗೆಯಲ್ಲಿ ಅಲ್ಲಿಗೆ ಕೊಟ್ಟಿದ್ದರು. ಮನೆ ಒಳ್ಳೆಯದು, ಅಳಿಯ ಒಳ್ಳೆಯವನು, ಬೀಗಿತ್ತಿ ಮುದಕಮ್ಮ ಎಲ್ಲರಿಗಿಂತ ಒಳ್ಳೆಯವಳು. ತೊಂದರೆ ಬಂದದ್ದು ಆ ಒಳ್ಳೆಯತನದಿಂದಲೇ. ಲಗ್ನವಾದ ಮೊದಲ ಭಾನುವಾರ ಬೀಗಿತ್ತಿ ಕರೆದಳೆಂದು ದುರ್ಗಾದೇವಿ ಹೋದಳು. ರೇಷ್ಮೆ ಸೀರೆ ಉಟ್ಟು ಮುಂಜಾನೆ ಜಮಖಾನೆಯ ಮೇಲೆ ಕೂತವಳು ಏಳುವ ಹೊತ್ತಿಗೆ ದೀಪ ಹಚ್ಚಿದ್ದರು. ಬೇಡ ಬೇಡವೆಂದರೂ ಹೋಳಿಗೆ ತಟ್ಟೆಗೆ ಬೀಳುತ್ತಲೇ ಇತ್ತು. ಮುದಕಮ್ಮ ತನ್ನ ಎಮ್ಮೆ ಈದ ಕತೆಯನ್ನು ಅದರ ಅಜ್ಜಿ ಎಮ್ಮೆಯಿಂದ ಶುರುಮಾಡಿದ್ದಳು. ಮುಂದಿನ ವಾರ ಮತ್ತೆ ಫೋನು ಬಂತು. ಅದರ ಮುಂದಿನ ವಾರದ ಫೋನು ಶುಕ್ರವಾರವೇ ಬಂತು. ಆಗ ದುರ್ಗಾದೇವಿಯ ಬಾಯಿಂದ ಆ ಮಾತು ಜಾರಿತು.

"ಬರಬೇಕಂತ ಭಾಳ ಮನಸೈತ್ರಿ ಅಕ್ಕಾರ. ಆದ್ರ ಮೊಳಕಾಲ ಹಿಡಕೊಂಡಾವ. ಮೆಟ್ಲ ಸೈತ ಏರಾಕ ಆಗವಲ್ದು."

ಅವಳ ಮೊಣಕಾಲು ಗಟ್ಟಿಮುಟ್ಟಾಗಿದ್ದವು. ಹಾಗಿದ್ದುದರಿಂದಲೇ ಅವಳು ಗಂಗಾವತಿಯ ಓಟದ ಬಳಗಕ್ಕೆ ಸೇರಿದ್ದಳು. ವಾರದ ಆರು ದಿನ ಸರಕಾರಿ ಕಚೇರಿಯಲ್ಲಿ ಗುಮಾಸ್ತೆ. ಅಲ್ಲಿ "ಮೇಡಂ", ಮನೆಯಲ್ಲಿ "ಏನ, ಎಲ್ಲದೀ", ಫೋನಿನಲ್ಲಿ "ಅವ್ವಾ". ಯಾರೂ ಕೆಟ್ಟದ್ದಕ್ಕೆ ಕರೆಯುತ್ತಿರಲಿಲ್ಲ, ಆದರೆ ಎಲ್ಲರೂ ಕರೆಯುತ್ತಿದ್ದರು. ಭಾನುವಾರ ರಸ್ತೆಗಿಳಿದು ಓಡತೊಡಗಿದರೆ ಅಷ್ಟು ಹೊತ್ತು ಯಾರೂ ಕರೆಯುವವರಿರಲಿಲ್ಲ. ತನ್ನ ಉಸಿರು ತನಗೇ ಕೇಳಿಸುತ್ತಿತ್ತು. ನಲವತ್ತು ದಾಟಿದ ಮೇಲೆ ಕೈಗೆ ಬಂದ ಆ ಒಂದು ಮುಂಜಾನೆಯನ್ನು ಅವಳು ಹೋಳಿಗೆಗೂ ಎಮ್ಮೆಗೂ ಬಿಟ್ಟುಕೊಡಲು ಸಿದ್ಧಳಿರಲಿಲ್ಲ.

ಸುಳ್ಳು ಹೇಳಿದ ಮರುದಿನವೇ ಅಳಿಯನ ಮೋಟರ್‌ಸೈಕಲ್ ಮೇಲೆ ಎಣ್ಣೆಯ ಬಾಟಲಿ ಬಂತು. "ನಮ್ಮವ್ವ ಕೈಯಾರ ಕಾಸ್ಯಾಳ್ರಿ. ರಾತ್ರಿ ಹಚ್ಚಿ ತಿಕ್ಕಬೇಕಂತ." ಅದು ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಇನ್ನೊಂದು ಬಂತು. ಎಣ್ಣೆ ಚೆಲ್ಲಲು ಮನಸ್ಸು ಬರಲಿಲ್ಲ, ಹಚ್ಚಿಕೊಳ್ಳಲು ನೋವಿರಲಿಲ್ಲ. ಮನೆಯಲ್ಲಿ ನರಳುತ್ತಿದ್ದದ್ದು ಹಿತ್ತಲ ಬಾಗಿಲೊಂದೇ.

ಆ ಮಳೆಯ ಭಾನುವಾರ ಅವಳು ಗಂಡನ ರೇನ್‌ಕೋಟ್ ಹಾಕಿಕೊಂಡು ಸದ್ದಿಲ್ಲದೆ ಹೊರಬಿದ್ದಳು. ಅಳಿಯನೇ ಮಾವನಿಗೆಂದು ಕಾರಟಗಿಯಿಂದ ತಂದುಕೊಟ್ಟ ಕೋಟು. ಬಣ್ಣ ಕಿತ್ತಳೆ. ಅಂಥ ಬಣ್ಣವನ್ನು ಹೊನ್ನೂರಪ್ಪ ಹಾಕಿಕೊಳ್ಳಲು ನಾಚುತ್ತಿದ್ದ, ಹೀಗಾಗಿ ಅದು ಹೊಚ್ಚ ಹೊಸದಾಗಿ ಉಳಿದಿತ್ತು.

ಸರ್ಕಲ್ಲಿನಲ್ಲಿ ಬಳಗ ಕೂಡಿತ್ತು. ಬಳಗವೆಂದರೆ ಬಿಸಿಲಿದ್ದ ದಿನ ಇಪ್ಪತ್ತು ಮಂದಿ, ಮಳೆ ಬಂದ ದಿನ ನಾಲ್ವರು. ಸೀಟಿ ಕೊರಳಿಗೆ ಹಾಕಿಕೊಂಡ ಪಿ.ಟಿ. ಮಾಸ್ತರ ತಿರುಮಲೇಶ, ಸಕ್ಕರೆ ಕಾಯಿಲೆ ಇಳಿಸಲು ಬಂದು ಮಾತು ಮಾತ್ರ ಏರಿಸಿಕೊಂಡಿದ್ದ ಭತ್ತದ ದಲಾಲಿ ಕೊಟ್ರಪ್ಪ, ದುರ್ಗಾದೇವಿಯ ಗೆಳತಿ ನರ್ಸ್ ಶಾಹಜಾದಬಿ, ನಾಲ್ಕನೆಯವಳು ತಾನು. ಕೊಟ್ರಪ್ಪ ಗೊಬ್ಬರದ ಚೀಲವನ್ನು ಮೂಲೆಗೆ ಮೂಲೆ ಮಡಚಿ ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡಿದ್ದ.

"ಸರ, ಈ ಮಳ್ಯಾಗ ಎಮ್ಮಿ ಸೈತ ಹೊರಗ ಬಂದಿಲ್ಲ," ಅಂದ ಕೊಟ್ರಪ್ಪ. "ಅವಕ್ಕಿರೋ ಬುದ್ಧಿ ನಮಗ ಬ್ಯಾಡೇನ್ರಿ?"

"ಕೊಪ್ಪಳದಾಗ ಜಿಲ್ಲಾ ಓಟದ ದಿನ ಮಳಿ ಬಂದ್ರೇನ ಮಾಡ್ತೀರಿ?" ಮಾಸ್ತರರು ಮೂಗಿನ ಮೇಲಿನ ನೀರು ಒರೆಸಿಕೊಂಡರು. "ಇವತ್ತ ಹೇಮಗುಡ್ಡದತನಾ ಉದ್ದ ಓಟ. ತಿರುಗಿ ಹೋದವ್ರ ಹೆಸರು ಜಿಲ್ಲಾ ಓಟಕ್ಕ ಕೊಡಂಗಿಲ್ಲ. ಅವ್ರನ್ನ ದಾರ್‍ಯಾಗ ಲಿಂಬು ಶರಬತ್ತು ಹಂಚಾಕ ನಿಂದ್ರಸ್ತೀನಿ."

ಸೀಟಿ ಊದಿದರು. ಅದರಿಂದ ಸದ್ದಿಗಿಂತ ಮೊದಲು ನೀರು ಬಂತು.

ಊರು ದಾಟಿದ ಮೇಲೆ ಗಾಳಿಯೂ ಸೇರಿಕೊಂಡಿತು. ಮಳೆ ಮೇಲಿನಿಂದ ಬೀಳುವುದನ್ನು ಬಿಟ್ಟು ಅಡ್ಡಡ್ಡ ಬಂದು ಕೆನ್ನೆಗೆ ಬಾರಿಸತೊಡಗಿತು. ಲಾರಿಗಳು ಎರಡು ಕಡೆಗೂ ಕೆಂಪು ನೀರು ಎರಚಿ ಹೋದವು. ದುರ್ಗಾದೇವಿಗೆ ಅದಾವುದರ ಗೊಡವೆ ಇರಲಿಲ್ಲ. ಕೋಟಿನ ಟೊಪ್ಪಿಗೆಯೊಳಗೆ ಹನಿ ತಟತಟ ಬಡಿಯುತ್ತಿದ್ದವು, ಉಸಿರು ಒಂದು ಹದಕ್ಕೆ ಬಂದಿತ್ತು. ಇಂಥ ದಿನ ಯಾರೂ ಎದುರಿಗೆ ಸಿಕ್ಕು ಮಾತಾಡಿಸುವುದೂ ಇಲ್ಲವೆಂದು ಅವಳಿಗೆ ಒಳಗೊಳಗೇ ಸಂತೋಷವಾಗುತ್ತಿತ್ತು.

ಅರ್ಧ ದಾರಿಯಲ್ಲಿ ಆ ಸಂತೋಷಕ್ಕೆ ಹಳ್ಳ ಅಡ್ಡಬಂತು. ಸೇತುವೆ ಕಾಣುತ್ತಿರಲಿಲ್ಲ. ಅದರ ಮೇಲೆ ಕೆಂಪು ನೀರು ಗೂಳಿಯಂತೆ ನುಗ್ಗುತ್ತಿತ್ತು.

ಮಾಸ್ತರರು ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಎಡಕ್ಕ ತಿರುಗ್ರಿ. ಹೊಲದ ದಾರಿ ಹಿಡಿಯೋಣ. ಬೇವಿನಹಾಳದಾಗ ಹಾದು ಹೋದ್ರ ಗುಡ್ಡದ ಬುಡಕ್ಕ ಹೋಗ್ತೀವಿ."

ದುರ್ಗಾದೇವಿಯ ಕಾಲು ಅಲ್ಲೇ ನಿಂತವು. ಹೆಸರಿಗೆ ದುರ್ಗಾದೇವಿ, ಆದರೆ ಬೇವಿನಹಾಳವೆಂದರೆ ಅವಳ ಎದೆ ಬೆಕ್ಕು ಕಂಡ ಗುಬ್ಬಿಯ ಹಾಗಾಗುತ್ತಿತ್ತು.

"ತಿರುಗಿ ಮನಿಗೆ ಹೋಗೋಣ್ರಿ ಸರ. ಮಳಿ ಭಾಳ ಜೋರಾಗೈತಿ."

"ಲಿಂಬು ಶರಬತ್ತು," ಅಂದು ಮಾಸ್ತರರು ಓಡಿಯೇಬಿಟ್ಟರು.

ಶಾಹಜಾದಬಿ ಹತ್ತಿರ ಬಂದಳು. "ಯಾಕಕ್ಕಾ, ಮಕ ಹುಣಸಿಕಾಯಿ ತಿಂದಂಗಾತಲ್ಲ?"

ದುರ್ಗಾದೇವಿ ಮೊಣಕಾಲಿನ ಕತೆಯನ್ನು ಎರಡು ಮಾತಿನಲ್ಲಿ ಹೇಳಿದಳು. ಶಾಹಜಾದಬಿ ನಗು ತಡೆಯಲಾರದೆ ಹಳ್ಳದ ಕಡೆ ಮುಖ ತಿರುಗಿಸಿ ನಕ್ಕಳು. "ನರ್ಸ್ ಗೆಳತಿ ಇಟ್ಕೊಂಡು ಇಲ್ಲದ ರೋಗ ಹೇಳೂಮುಂದ ನನ್ನನ್ನರ ಕೇಳಬಾರದೇನ? ಬಿಪಿ ಅಂತ ಹೇಳಿದ್ರ ಓಡಿದ್ರೂ ನಡೀತಿತ್ತು. ಇರ್ಲಿ ಬಾ. ಈ ಮಳ್ಯಾಗ ಯಾರ ಹೊರಗಿರ್ತಾರ? ಮಕಾ ಮುಚ್ಕೊಂಡು ಓಡಿಬಿಡು."

ಮುಖ ಮುಚ್ಚಬಹುದು. ಆದರೆ ಈ ಕಿತ್ತಳೆ ಕೋಟು? ಅದನ್ನು ಕೊಂಡವನ ಮನೆಯ ಮುಂದೆಯೇ ಹಾದುಹೋಗಬೇಕು. ಅವಳು ಕೊಟ್ರಪ್ಪನನ್ನು ನಿಲ್ಲಿಸಿದಳು.

"ಕೊಟ್ರಪ್ಪಣ್ಣ, ಈ ಕೋಟು ತೊಗೊಂಡು ಆ ಚೀಲ ಕೊಡ್ರಿ."

ಕೊಟ್ರಪ್ಪ ದಲಾಲಿ. ಕೋಟನ್ನು ನೋಡಿದ, ಚೀಲವನ್ನು ನೋಡಿದ, ಅವಳ ಮುಖವನ್ನೂ ಒಮ್ಮೆ ನೋಡಿದ. "ಕಾರಣ ಕೇಳಂಗಿಲ್ರಿ ಅಕ್ಕಾರ. ಇಂಥಾ ಯಾಪಾರದಾಗ ಕಾರಣ ಕೇಳಿದ್ರ ಮಾಲು ಕೈ ತಪ್ಪತೈತಿ." ಕೋಟು ಅವನ ಹೊಟ್ಟೆಗೆ ಸಾಲದೆ ಗುಂಡಿಗಳು ಬಾಯಿ ಬಿಟ್ಟುಕೊಂಡವು. ದುರ್ಗಾದೇವಿ ಕೊಪ್ಪೆಯನ್ನು ಹುಬ್ಬಿನ ತನಕ ಎಳೆದುಕೊಂಡಳು. ಒಳಗೆ ಯೂರಿಯಾದ ವಾಸನೆ ಗಪ್ಪೆಂದು ಹೊಡೆಯಿತು.

ಹೊಲದ ದಾರಿಯ ಎರೆಮಣ್ಣು ನೆಂದು ಹಸಿ ಹಿಟ್ಟಾಗಿತ್ತು. ಹೆಜ್ಜೆಗೊಮ್ಮೆ ಬೂಟಿಗೆ ಒಂದು ಪದರು ಹತ್ತಿ, ಊರು ಬರುವಷ್ಟರಲ್ಲಿ ನಾಲ್ವರೂ ಒಂದು ಗೇಣು ಎತ್ತರವಾಗಿದ್ದರು. ಓಣಿಯಲ್ಲಿ ಶಾಹಜಾದಬಿ ಹೇಳಿದಂತೆ ನರಪಿಳ್ಳೆ ಇರಲಿಲ್ಲ. ಬೀಗರ ಮನೆ ಬಂತು. ಬಾಗಿಲು ಮುಚ್ಚಿತ್ತು. ಪಕ್ಕದ ಕೊಟ್ಟಿಗೆಯಿಂದ ಆ ಪ್ರಸಿದ್ಧ ಎಮ್ಮೆ ಮಾತ್ರ ಅವಳನ್ನು ನೋಡಿ ಮೆಲುಕು ಹಾಕುವುದನ್ನು ನಿಲ್ಲಿಸಿತು.

ಇನ್ನು ನಾಲ್ಕು ಹೆಜ್ಜೆ ಹಾಕಿದ್ದರೆ ಕಟ್ಟೆ ದಾಟುತ್ತಿತ್ತು. ಎಡಗಾಲು ಮುಂದೆ ಬಂತು, ಬೂಟು ಬರಲಿಲ್ಲ.

ಅವಳು ಒಂಟಿಕಾಲಲ್ಲಿ ನಿಂತು ಬಗ್ಗಿ ಬೂಟನ್ನು ಎಳೆದಳು. ಮಣ್ಣು ಅದನ್ನು ಸ್ವಂತದ್ದೆಂಬಂತೆ ಹಿಡಿದುಕೊಂಡಿತ್ತು. ಅಷ್ಟರಲ್ಲಿ ಹಿಂದೆ ಒಂದು ಸದ್ದಾಯಿತು. ಹೇರು ತುಂಬಿದ ಬಂಡಿ ದಿಬ್ಬ ಏರುವಂತೆ ನರಳುತ್ತ ಬೀಗರ ಮನೆಯ ಹಳೆಯ ತೇಗದ ಬಾಗಿಲು ತೆರೆಯಿತು. ಆ ಸದ್ದಿಗೆ ಒಳಗಿನಿಂದ ಗಂಡಸರ ಧ್ವನಿಗಳು ಒಂದರ ಹಿಂದೊಂದು ಬಂದವು. "ಯಾರದು?" "ಎಲ್ಲಿ ಹೊಂಟಿ?" "ಮಳ್ಯಾಗ ಹೊರಗ್ಯಾಕ?"

ಹೊಸ್ತಿಲಲ್ಲಿ ಮುದಕಮ್ಮ ನಿಂತಿದ್ದಳು. ಕೈ ಅಡ್ಡ ಹಿಡಿದು ಮಳೆಯೊಳಗೆ ಕಣ್ಣು ಕಿರಿದು ಮಾಡಿದಳು. ಅವಳಿಗೆ ಗೊಬ್ಬರದ ಚೀಲ ಕಾಣಲಿಲ್ಲ. ಕಂಡದ್ದು ಕಿತ್ತಳೆ ಕೋಟು.

"ಅಯ್ಯ ಶಿವನ, ಬೀಗರು ಬಂದಾರ. ಅಮೃತಾ, ನಿಮ್ಮಪ್ಪ ಬಂದಾನವ್ವಾ. ಚಾಕ್ಕಿಡು. ಏ ಬೀಗರ, ಮನಿ ದಾಟಿ ಎಲ್ಲಿ ಹೊಂಟ್ರಿ?"

ಕೊಟ್ರಪ್ಪ ನಿಂತ. ಚಹಾ ಎಂಬ ಶಬ್ದಕ್ಕೆ ಅವನು ಎಲ್ಲಿದ್ದರೂ ನಿಲ್ಲುತ್ತಿದ್ದ. ಮುದಕಮ್ಮ ಮಳೆಗೆ ಇಳಿದು ಬಂದು ಅವನ ಕೋಟಿನ ತೋಳು ಹಿಡಿದು ಎಳೆದಳು. ಹತ್ತಿರ ಬಂದ ಮೇಲೆ ಮುಖ ನೋಡಿದಳು.

"ನಾ ಹೊನ್ನೂರಪ್ಪ ಅಲ್ರಿ ಅವ್ವಾರ," ಕೊಟ್ರಪ್ಪ ಬಹಳ ಮರ್ಯಾದೆಯಿಂದ ಹೇಳಿದ. "ಕೊಟ್ರಪ್ಪ. ಈ ಕೋಟು ನಂದಲ್ಲ. ಅಗಾ ಅಲ್ಲಿ ಚೀಲ ಹೊತ್ಕೊಂಡು ಬೂಟು ಕೀಳಾಕತ್ತಾರಲ್ಲ, ಅವರದು. ಆದ್ರ ಚಾ ನಾನೂ ಕುಡೀತೀನ್ರಿ."

ಬೀಗರು ಬಂದರೆಂಬ ಕೂಗಿಗೆ ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. ಹೆಂಗಸರು ಸೆರಗು ತಲೆಗೆಳೆದುಕೊಂಡು ಕಟ್ಟೆ ತುಂಬ ನೆರೆದರು. ಚಹದ ತಟ್ಟೆ ಹಿಡಿದು ಬಂದ ಅಮೃತಾ ಕೊಪ್ಪೆಯ ಕೆಳಗಿನ ಬಳೆಗಳನ್ನು ನೋಡಿ, "ಅವ್ವಾ," ಎಂದು ಬಾಯ ಮೇಲೆ ಕೈಯಿಟ್ಟುಕೊಂಡಳು. ತಟ್ಟೆ ಕೊಟ್ರಪ್ಪನ ಕೈಗೆ ಹೋಯಿತು.

ದುರ್ಗಾದೇವಿ ನೆಟ್ಟಗೆ ನಿಂತು ಕೊಪ್ಪೆ ಹಿಂದಕ್ಕೆ ಸರಿಸಿದಳು. ಒಂದು ಕಾಲಲ್ಲಿ ಬೂಟು, ಒಂದರಲ್ಲಿ ಕೆಸರು. ಟೀ ಶರ್ಟು, ಮೊಣಕಾಲಿನ ತನಕ ಮಡಚಿದ ಪ್ಯಾಂಟು. ಆ ಎರಡು ಮೊಣಕಾಲುಗಳೂ ಮಳೆಯಲ್ಲಿ ತೊಳೆದು ಹೊಳೆಯುತ್ತ ಊರ ಮುಂದೆ ಸಾಕ್ಷಿ ಹೇಳುತ್ತಿದ್ದವು. ಭೂಮಿ ಬೂಟನ್ನು ನುಂಗಿದ ಹಾಗೆ ತನ್ನನ್ನೂ ನುಂಗಬಾರದೇಕೆ ಅನ್ನಿಸಿತು ಅವಳಿಗೆ.

ಎದುರು ಮನೆಯ ಮುದುಕಿ ಮೊದಲು ಬಾಯಿ ತೆರೆದಳು. "ಮುದಕವ್ವಾ, ನಿಮ್ಮ ಬೀಗರಿಗೆ ಕಾಲ ಇಲ್ಲಂದಿದ್ದಿ. ಗಂಗಾವತಿಲಿಂದ ಓಡಿ ಬಂದಾರಲ್ಲ."

ಕೊಟ್ರಪ್ಪ ಚಹಾ ಹೀರುವ ಸದ್ದು ನಿಲ್ಲಿಸಿದ. ದುರ್ಗಾದೇವಿ ಮಗಳ ಮುಖ ನೋಡಿದಳು. ಅಮೃತಾ ತಲೆ ತಗ್ಗಿಸಿದ್ದಳು. ತಾಯಿ ಸುಳ್ಳಿಯೆಂದು ಈ ಕಟ್ಟೆಯಲ್ಲಿ ಇವತ್ತು ಆಡಿದ ಮಾತನ್ನು ಮಗಳು ಈ ಮನೆಯಲ್ಲಿ ಎಷ್ಟು ವರ್ಷ ಕೇಳಬೇಕೋ.

ಮುದಕಮ್ಮ ಬೀಗಿತ್ತಿಯನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಬೂಟಿಲ್ಲದ ಕಾಲಿನ ಮೇಲೆ ಅವಳ ದೃಷ್ಟಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮಳೆಯಲ್ಲೇ ಎರಡೂ ಕೈ ಎತ್ತಿ ಗುಡ್ಡದ ಮೇಲಿನ ಅಮ್ಮನ ಗುಡಿಯ ಕಡೆ ಮುಗಿದಳು.

"ಹೇಮಗುಡ್ಡದ ನಮ್ಮವ್ವಾ, ಕಣ್ಣ ತಗದೆವ್ವಾ," ಅಂದಳು. ಧ್ವನಿ ಓಣಿಯ ಕೊನೆಗೂ ಮುಟ್ಟುವಂತಿತ್ತು. "ಯಾರಿಗೂ ಹೇಳಿದ್ದಿಲ್ಲ ನಾ. ಹರಕಿ ಹೊತ್ತಿದ್ದೆ. ನಮ್ಮ ಬೀಗರು ಎದ್ದು ಓಡಂಗ ಮಾಡವ್ವಾ, ದಸರಾತನಾ ಪ್ರತಿ ಐತವಾರ ನಾವಿಬ್ರೂ ನಡಕೋತ ಬಂದು ನಿನ್ನ ಗುಡ್ಡ ಏರ್ತೀವಿ ಅಂತ. ಓಡಂಗ ಮಾಡು ಅಂದಿದ್ದೆ, ಓಡಿಸಿ ನನ್ನ ಬಾಗ್ಲಕ್ಕ ತಂದು ನಿಂದ್ರಿಸ್ಯಾಳ ನೋಡ್ರಿ."

"ಓಡಿಸ್ಯಾಳ ಖರೆ," ಅಂದಳು ಎದುರು ಮನೆಯ ಮುದುಕಿ. "ಪ್ಯಾಂಟ್ ಯಾಕ ಹಾಕ್ಸ್ಯಾಳ?"

"ನೀ ಸೀರಿ ಉಟ್ಕೊಂಡು ಈ ಕೆಸರಾಗ ಹತ್ತ ಹೆಜ್ಜಿ ಓಡಿ ತೋರಸು. ಆಮ್ಯಾಲ ಕೇಳೀಯಂತ."

ಹೆಂಗಸರು ನಕ್ಕರು. ಒಬ್ಬಿಬ್ಬರು ಬಂದು ದುರ್ಗಾದೇವಿಯ ಮೊಣಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಪಡಸಾಲೆಯಿಂದ ಮುದಕಮ್ಮನ ಗಂಡ, "ಈ ಮಳ್ಯಾಗ ಗುಡ್ಡಕ್ಕ ಹೋಗ್ತೀಯೇನ? ಮುಂಜಾನಿ ರೊಟ್ಟಿ ಯಾರ ಮಾಡ್ಬೇಕು?" ಎಂದು ಶುರುಮಾಡಿದ.

"ದೇವರ ಕೊಟ್ಟ ಮಾತ್ರಿ. ಬ್ಯಾಡಂದ್ರ ನೀವ ಬಂದು ಆಕಿ ಮುಂದ ಹೇಳ್ರಿ, ರೊಟ್ಟಿ ಸಲವಾಗಿ ಬಿಡಿಸೇನಿ ಅಂತ."

ಅವನು ಗುಡ್ಡದ ಕಡೆ ನೋಡಿ ಕೈ ಮುಗಿದ.

ಉಡಿ ತುಂಬದೆ ಕಳಿಸುವ ಹಾಗಿರಲಿಲ್ಲ. ಟೀ ಶರ್ಟಿಗೆ ಸೆರಗಿಲ್ಲ. ಶಾಹಜಾದಬಿ ತನ್ನ ವೇಲನ್ನು ಬಿಚ್ಚಿಕೊಟ್ಟಳು. ಮುದಕಮ್ಮ ಅದನ್ನು ಬೀಗಿತ್ತಿಯ ನಡುವಿಗೆ ಸುತ್ತಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಖಣ ಎಲ್ಲ ಸುರಿದು ಗಂಟು ಹಾಕಿದಳು. ಅಳಿಯ ಸಲಿಕೆ ತಂದು ಬೂಟನ್ನು ಅಗೆದು ಕೊಟ್ಟ. ಹೊರಡುವಾಗ ಮಾಸ್ತರರು ಸೀಟಿ ಎತ್ತಿದರು. ಮುದಕಮ್ಮ ಅವರನ್ನು ನೋಡಿದಳು. ಅವರು ಸೀಟಿ ಕೆಳಗಿಳಿಸಿದರು.

"ಇದು ಓಟದ ತರಬೇತಿ, ಪಾದಯಾತ್ರಿ ಅಲ್ಲ," ಎಂದು ಶಾಹಜಾದಬಿಯ ಹತ್ತಿರ ಮೆಲ್ಲಗೆ ಗೊಣಗಿದರು.

"ಹರಕಿ ಕಾಲಾಗ ಓಡಬಾರದು ಸರ, ಅಪಚಾರ," ಅಂದ ಕೊಟ್ರಪ್ಪ. ಆ ದಿನ ಅವನಷ್ಟು ಭಕ್ತಿ ಉಕ್ಕಿದವರು ಬೇರೊಬ್ಬರಿರಲಿಲ್ಲ.

ಗುಡ್ಡದ ದಾರಿಯುದ್ದಕ್ಕೂ ದುರ್ಗಾದೇವಿ ಎಮ್ಮೆಯ ಕತೆಗೆ ಕಾದಳು. ಅದು ಬರಲಿಲ್ಲ. ಮುದಕಮ್ಮ ಸೆರಗಿನ ಮೇಲೆ ಗೊಬ್ಬರದ ಚೀಲ ಹೊದ್ದು, ಸುತ್ತಲಿನ ಹೊಲ, ಬಂಡೆ, ಬಂಡೆಯ ಮೇಲಿಂದ ಇಳಿಯುವ ನೀರು ನೋಡುತ್ತ ನಡೆದಳು. ಮನೆಯಲ್ಲಿ ಒಂದು ಉಸಿರಿಗೆ ಹತ್ತು ಮಾತಾಡುವವಳು ಇಲ್ಲಿ ಒಂದೂ ಆಡಲಿಲ್ಲ. ದುರ್ಗಾದೇವಿಗೆ ತನ್ನ ಉಸಿರು ಕೇಳಿಸಿತು, ಪಕ್ಕದಲ್ಲಿ ಇನ್ನೊಬ್ಬಳದೂ ಕೇಳಿಸಿತು.

ಮೆಟ್ಟಿಲು ಬಂದಾಗ ಉಳಿದವರು ಮುಂದೆ ಹೋದರು. ಮುದಕಮ್ಮ ಹತ್ತು ಮೆಟ್ಟಿಲಿಗೊಮ್ಮೆ ನಿಂತಳು. ಅವಳ ಕೈ ತಾನೇ ತಾನಾಗಿ ಮೊಣಕಾಲಿಗೆ ಹೋಗುತ್ತಿತ್ತು. ಇಬ್ಬರೂ ಒಂದು ಬಂಡೆಯ ಮರೆಯಲ್ಲಿ ಕೂತರು.

"ಅಕ್ಕಾರ, ನಿಮಗ ಮೊಳಕಾಲ ನೋವೈತೇನ್ರಿ?"

"ಭಾಳ ವರ್ಷಾತು. ಆ ಎಣ್ಣಿ ನನಗಂತನ ಕಾಸೂದು. ಅದರಾಗ ಅರ್ಧಾ ನಿಮಗ ಕಳಿಸ್ತಿದ್ದೆ."

ದುರ್ಗಾದೇವಿಗೆ ಕೂತ ಕಲ್ಲು ಬಿಸಿಯಾದಂತಾಯಿತು. "ಅಕ್ಕಾರ, ನಿಮಗ ಒಂದ ಮಾತ ಹೇಳಬೇಕು. ನನ್ನ ಮೊಳಕಾಲ..."

"ಬ್ಯಾಡ ಬಿಡ್ರಿ. ಕಳಕಮ್ಮ ಮೊದಲ್ನೇ ವಾರನ ಹೇಳ್ಯಾಳ. ಬಾಗ್ಲ ಸಪ್ಪಳಿಲ್ಲದ ತೆರೀತೈತಿ, ಆದ್ರ ಐತವಾರ ನಸುಕಿನ್ಯಾಗ ಗ್ವಾಡಿ ದಾಟಿ ಲಕ್ಕಿ ತಪ್ಪಲ ವಾಸನಿ ಬರತೈತಿ, ಅಷ್ಟರಾಗ ಓಡಾಕ ಹೊಂಟ್ಲು ಅಂತ ತಿಳ್ಕೋತೀನಿ ಅಂದ್ಲು."

ದುರ್ಗಾದೇವಿ ಬೂಟಿನ ಮಣ್ಣನ್ನು ಕಲ್ಲಿನ ಅಂಚಿಗೆ ಉಜ್ಜಿದಳು. ಮಳೆ ಬಂಡೆಯ ಅಂಚಿನಿಂದ ಎಳೆ ಎಳೆಯಾಗಿ ಇಳಿಯುತ್ತಿತ್ತು.

"ಗೊತ್ತಿದ್ದೂ ಮತ್ತ ಮತ್ತ ಯಾಕ ಕಳಿಸಿದ್ರಿ?"

"ಬಾಗ್ಲಕ್ಕ ಬೇಕಾಗತೈತಲ್ರಿ," ಅಂದಳು ಮುದಕಮ್ಮ. "ಒಬ್ಬಾಕಿಗರ ಸಪ್ಪಳಿಲ್ಲದ ತೆರೀಲಿ ಅಂತ." ಸ್ವಲ್ಪ ತಡೆದು ಹೇಳಿದಳು, "ಲಗ್ನಾಗಿ ಬಂದ ಮ್ಯಾಲ ನಾ ಕೆಲಸಿಲ್ಲದ ಹೊಸ್ತಲಾ ದಾಟಿಲ್ರಿ. ನಮ್ಮ ಬಾಗ್ಲಾ ಕೇಳೀರಲ್ಲ. ಅದು ಕಿರ್ ಅಂದ್ರ ಒಳಗ ಎಲ್ಲಾರೂ ಎಲ್ಲಿಗೆ ಅಂತಾರ. ಎಲ್ಲಿಗಿಲ್ಲ ಅಂದು ಮತ್ತ ಮುಚ್ಚತೀನಿ. ಮನಿಗೆ ಯಾರರ ಬಂದ್ರ ಸಾಕು, ಬಿಡಂಗಿಲ್ಲ ನೋಡ್ರಿ ನಾ. ಕುಂದ್ರಿಸಿ ಮಾತಾಡ್ತೀನಿ."

"ಮತ್ತ ಹರಕಿ?"

"ಎಲ್ಲಿ ಹರಕಿ? ನೀವು ಒಂದ ಬೂಟಿನ ಮ್ಯಾಲ ನಿಂತದ್ದ ನೋಡಿದೆ. ಅಮೃತಾನ ಮಕಾ ನೋಡಿದೆ. ಬಾಯಿಗೆ ಬಂದದ್ದಂದೆ." ಮುದಕಮ್ಮ ಮುಖವನ್ನು ಗಂಭೀರ ಮಾಡಿಕೊಳ್ಳಲು ನೋಡಿದಳು. "ಆದ್ರ ಇನ್ನ ಬಿಡುಗಡಿ ಇಲ್ರಿ ಬೀಗರ. ಊರ ಮುಂದ ಅಮ್ಮನ ಹೆಸರ ತಗದಾತು. ಹೊತ್ತಿದ್ದಿಲ್ಲ ಖರೆ, ಈಗ ಹೊತ್ತಂಗ ಆತು. ದಸರಾತನಾ ನೀವು ಬರಬೇಕು, ನಾನೂ ಬರಬೇಕು. ಏನ್ಮಾಡೂದು?"

ಏನು ಮಾಡುವುದು ಎಂದು ಕೇಳಿದವಳ ಮುಖ ಸಾಲೆಗೆ ರಜೆ ಕೊಟ್ಟ ಮಕ್ಕಳ ಹಾಗಿತ್ತು. ಎದ್ದು ಮೊಣಕಾಲು ಹಿಡಿದುಕೊಂಡು ಮುಂದಿನ ಮೆಟ್ಟಿಲು ಏರಿದಳು.

ದುರ್ಗಾದೇವಿ ಮನೆ ಮುಟ್ಟಿದಾಗ ಹೊತ್ತು ಏರಿತ್ತು. ಉಡಿಯ ಭಾರಕ್ಕೆ ನಿಜವಾಗಿಯೂ ಮೊಣಕಾಲು ನೋಯುತ್ತಿದ್ದವು. ಹಿತ್ತಲ ಗೋಡೆಯ ಮೇಲೆ ಕಳಕಮ್ಮನ ತಲೆ ಸಿದ್ಧವಾಗಿತ್ತು.

"ಹೇಮಗುಡ್ಡದಮ್ಮ ಕಣ್ಣ ತಗದಾಳಂತಲ್ಲ ನಿನಗ. ತವರುಮನಿಯಿಂದ ಫೋನ್ ಬಂದಿತ್ತು." ತಲೆ ಇನ್ನಷ್ಟು ಮೇಲೆ ಬಂತು. "ನನ್ನ ಮೊಳಕಾಲೂ ಹಿಡಿದಾವವ್ವಾ. ಮುಂದಿನ ಐತವಾರ ನಾನೂ ಬರ್ತೀನಿ. ಬಾಗ್ಲಕ್ಕ ಎಣ್ಣಿ ಬಿಡೂದೇನ್ ಬ್ಯಾಡ, ಸಪ್ಪಳ ಮಾಡು, ಏಳ್ತೀನಿ."

ಫೋನು ಗುಂಯ್‌ಗುಟ್ಟಿತು. ಬಳಗದ ಗುಂಪಿನಲ್ಲಿ ಮಾಸ್ತರರ ಸಂದೇಶ ಬಂದಿತ್ತು: ಸದಸ್ಯರ ಒತ್ತಾಯದ ಮೇರೆಗೆ ದಸರಾ ತನಕ ಪ್ರತಿ ಭಾನುವಾರದ ಓಟ ಬೇವಿನಹಾಳದ ಮಾರ್ಗವಾಗಿ ಹೇಮಗುಡ್ಡಕ್ಕೆ. ಅದರ ಕೆಳಗೆ ಕೊಟ್ರಪ್ಪ ಬರೆದಿದ್ದ: ಬೀಗರ ಮನೆಯಲ್ಲಿ ಉಪ್ಪಿಟ್ಟಿನ ವ್ಯವಸ್ಥೆ ಇದೆ.

ಅವಳು ಫೋನನ್ನು ಬೋರಲು ಇಟ್ಟಳು. ಯಾರೂ ಕರೆಯದ ಒಂದೇ ಒಂದು ಮುಂಜಾನೆ ಇತ್ತು. ಇನ್ನು ಅದಕ್ಕೆ ಬೀಗಿತ್ತಿ, ನೆರೆಯವಳು, ಮಾಸ್ತರರು, ಉಪ್ಪಿಟ್ಟು.

"ಏನ, ಬಂದೇನ?" ಒಳಗಿನಿಂದ ಹೊನ್ನೂರಪ್ಪ ಕೇಳಿದ. "ಹೆಂಗಾತು ಓಟ?"

"ಆತು."

ನಡುವಿನ ಗಂಟು ಬಿಚ್ಚಿದಾಗ ಅಕ್ಕಿಯೊಳಗಿಂದ ಒಂದು ಬಾಟಲಿ ಹೊರಬಂತು. ಯಾವಾಗ ಇಟ್ಟಿದ್ದಳೋ, ಹೊಸ ಎಣ್ಣೆ, ಬಾಯಿಯ ತನಕ ತುಂಬಿತ್ತು. ಅವಳು ಅದನ್ನು ಹಿಡಿದು ಅಡುಗೆಮನೆಯಲ್ಲಿ ನಿಂತಳು. ಬೇವಿನಹಾಳದ ಆ ಬಾಗಿಲಿಗೆ ಬಿಜಾಗರಿ ಇರುವುದಿಲ್ಲ, ಅಂಥ ಹಳೆಯ ಬಾಗಿಲುಗಳು ಕಲ್ಲಿನ ಗುಳಿಯಲ್ಲಿ ತಿರುಗುತ್ತವೆ. ಗುಳಿಗೆ ಬತ್ತಿಯಲ್ಲಿ ಬಿಟ್ಟರೆ ಸಾಲದು, ಸುರಿಯಬೇಕು. ಗಂಡಸರು ಪಡಸಾಲೆಯಲ್ಲಿ ಮಾಸ್ತರರ ಜೊತೆ ಉಪ್ಪಿಟ್ಟು ತಿನ್ನುವಾಗ, ಬೂಟಿನ ದಾರ ಕಟ್ಟುವವಳಂತೆ ಹೊಸ್ತಿಲ ಹತ್ತಿರ ಬಗ್ಗಿದರೆ ಯಾರಿಗೂ ತಿಳಿಯಲಿಕ್ಕಿಲ್ಲ.

"ಏನ್ ಮಾಡಾಕತ್ತಿ ಅಲ್ಲಿ?" ಹೊನ್ನೂರಪ್ಪ ಮತ್ತೆ ಕರೆದ.

"ಏನಿಲ್ಲ," ಅಂದಳು ದುರ್ಗಾದೇವಿ. ಕೆಮ್ಮಿನ ಔಷಧಿಯ ಖಾಲಿ ಬಾಟಲಿಯನ್ನು ತೊಳೆದು ಒರೆಸಿ, ಅರ್ಧ ಎಣ್ಣೆಯನ್ನು ಅದಕ್ಕೆ ಬಗ್ಗಿಸಿದಳು. ಬಿರಟೆ ಬಿಗಿ ಮಾಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮಣ್ಣು ಇನ್ನೂ ಆರದ ಎಡಗಾಲ ಬೂಟಿನೊಳಗೆ ಇಟ್ಟಳು.